ಮೆದುಳನ್ನು ಮುಟ್ಟಿ ನೋಡಿ ಕಲಿಯುವ ಹಾಗೆ ಪಾಠ ಮಾಡುವುದು ಹೇಗೆ?

ಹಾಸನದ_ಮೇಷ್ಟ್ರು:
ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೆದುಳಿನ ಚಿತ್ರ ಬರೆದು ಭಾಗ ಗುರುತಿಸಿ ಅಂದರೆ ಎಲ್ಲರೂ ಸಲೀಸಾಗಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಅನುಮಸ್ತಿಷ್ಕ ನಿಮ್ಮ ತಲೆಯಲ್ಲಿ ಎಲ್ಲಿದೆ ಮುಟ್ಟಿ ತೋರಿಸಿ ಅಂದರೆ ಅರ್ಧ ಕ್ಲಾಸು ಹಣೆ ಮುಟ್ಟಿಕೊಳ್ಳುತ್ತದೆ, ಆ ಚಿಕ್ಕ ಮೆದುಳು ಇರುವುದು ಹಿಂದಲೆಯಲ್ಲಿ. ಥರ್ಮಾಕೋಲ್ ಮಾಡೆಲ್ ಬಿಟ್ಟು ಬೇರೆ ದಾರಿ ಇದೆಯಾ? ನರಕೋಶವನ್ನೂ ತೋರಿಸಬೇಕು ಅಂತ ಆಸೆ. ಶಾಲೆಯಲ್ಲಿ 400 ಪಟ್ಟು ತೋರಿಸುವ ಮೈಕ್ರೋಸ್ಕೋಪ್ ಇದೆ.

ಸ್ಲೈಡ್_ಹುಚ್ಚಿ:
ಮಟನ್ ಅಂಗಡಿಗೆ ಹೋಗಿ ಸರ್. ತಲೆ ಒಡೆಯುವಾಗ ಮೆದುಳು ಇಡಿಯಾಗಿ ಬೇಕು ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಚ್ಚು ನಡುವೆಯೇ ಬೀಳುತ್ತದೆ. ಹಸಿ ಮೆದುಳು ತುಂಬಾ ಮೆತ್ತಗೆ, ಕೆಲವು ದಿನ ಸ್ಪಿರಿಟ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಫಾರ್ಮಲಿನ್ ಮಾತ್ರ ಮಕ್ಕಳ ಹತ್ತಿರ ಬೇಡವೇ ಬೇಡ. ಎಡ ಬಲ ಬೇರೆಯಾಗುವ ಹಾಗೆ ನಡುವೆ ಸೀಳಿದರೆ ಅನುಮಸ್ತಿಷ್ಕದೊಳಗೆ ಬಿಳಿ ಭಾಗ ಮರದ ಕೊಂಬೆಗಳ ಹಾಗೆ ಹರಡಿರುವುದು ಕಾಣುತ್ತದೆ, ಅದನ್ನು ನೋಡಿದ ಮಕ್ಕಳು ಮತ್ತೆ ಹಣೆ ಮುಟ್ಟುವುದಿಲ್ಲ. ಆಡಿನಲ್ಲಿ ಅದು ಹಿಂದೆ ಬಯಲಾಗಿ ಕೂತಿರುತ್ತದೆ, ನಮ್ಮಲ್ಲಿ ದೊಡ್ಡ ಮೆದುಳು ಅದರ ಮೇಲೆ ಚಾಚಿಕೊಂಡಿದೆ. ಈ ವ್ಯತ್ಯಾಸ ಹೇಳಲೇಬೇಕು.

ನರಕೋಶಕ್ಕೆ ಮೆದುಳಿಗಿಂತ ಬೆನ್ನುಹುರಿ ವಾಸಿ. ಕತ್ತು ಭುಜ ಸೇರುವ ಕಡೆಯ ಮೂಳೆಯೊಳಗಿನ ಹುರಿ ತಾಜಾ ಸಿಕ್ಕರೆ ಅಡ್ಡ ಕತ್ತರಿಸಿ. ನರಕೋಶಗಳಿರುವ ಬೂದು ಭಾಗ ಇಲ್ಲಿ ಒಳಗಿರುತ್ತದೆ, ಮೆದುಳಿನ ಮೇಲ್ಪದರಕ್ಕೆ ಉಲ್ಟಾ. ಅದರಿಂದ ಚೂರು ತೆಗೆದು ಎರಡು ಸ್ಲೈಡ್ ನಡುವೆ ಒತ್ತಿ ಎಳೆಯಿರಿ, ಒಣಗಿಸಿ, ಮೆಥಿಲೀನ್ ಬ್ಲೂ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. (ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮಾರುತ್ತಾರಲ್ಲ, ಅದೇ ಬಣ್ಣ.) ಸ್ನಾಯುಗಳನ್ನು ಆಡಿಸುವ ದೊಡ್ಡ ನರಕೋಶಗಳು ನೀಲಿಯಾಗಿ, ಸುತ್ತ ಕವಲುಗಳ ಜೊತೆ ಸಿಗುತ್ತವೆ. ಹುಡುಕಬೇಕು, ತಾಳ್ಮೆ ಇರಲಿ.

ಸೊಪ್ಪಿನಸಾರು:
ನಮ್ಮಂಥ ಮನೆಗಳ ಮಕ್ಕಳು ಕ್ಲಾಸಲ್ಲಿ ಇರ್ತಾರಲ್ವಾ? ಒತ್ತಾಯ ಬೇಡ ಸರ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಅಲ್ಲಿಗೆ ಕರ್ಕೊಂಡು ಹೋಗಿ. ಜಾರುಗಳಲ್ಲಿ ಮನುಷ್ಯರ ಮೆದುಳುಗಳೇ ಇವೆ, ಗೆಡ್ಡೆ ಆದದ್ದು, ಲಾಡಿಹುಳದ ಗುಳ್ಳೆ ತುಂಬಿದ್ದು ಎಲ್ಲಾ. ಗ್ಲೌಸ್ ಹಾಕಿಕೊಂಡು ಕೈಯಲ್ಲಿ ಹಿಡಿಯಲೂ ಕೊಡುತ್ತಾರೆ. ಹೆಚ್ಚುಕಡಿಮೆ 1.3 ಕಿಲೋ ತೂಕ ಕೈಗೆ ಬಂದಾಗ ಗಲಾಟೆ ಮಾಡೋ ಹುಡುಗರೂ ಸುಮ್ಮನಾಗ್ತಾರೆ.

ಸ್ಲೈಡ್_ಹುಚ್ಚಿ:
ಒಪ್ಪಿದೆ, ಆದರೆ ಮ್ಯೂಸಿಯಂನಲ್ಲಿ ಕುಯ್ಯಲು ಬಿಡುವುದಿಲ್ಲವಲ್ಲ! ಬೇಡ ಅನ್ನುವ ಮಕ್ಕಳಿಗೆ ಸ್ಲೈಡ್ ನೋಡುವ ಕೆಲಸ ಕೊಡಿ.

ಹಾಸನದ_ಮೇಷ್ಟ್ರು:
ಶನಿವಾರಕ್ಕೆ ಎರಡು ತಲೆ ಹೇಳಿದ್ದೇನೆ. ಅಂಗಡಿಯವರು ಫ್ರೈಗಾ ಅಂತ ಕೇಳಿದರು.