ಸಹಾಯ ಬೇಕು: ಹೃದಯ ಸ್ನಾಯುವಿನ ಮೈಕ್ರೋಸ್ಕೋಪ್ ಸ್ಲೈಡ್ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಗೆ ಅಂಗಾಂಶಗಳ ಪಾಠ ಮಾಡುತ್ತಿದ್ದೇನೆ. ಟೆಂಡನ್ ತೋರಿಸಲು ಅಂಗಡಿಯಿಂದ ಕೋಳಿ ಕಾಲು ತಂದಿದ್ದೆ. ಕತ್ತರಿಸಿದ ಕಡೆ ಕಾಣುವ ಬಿಳಿ ಎಳೆಯನ್ನು ಚಿಮಟದಲ್ಲಿ ಹಿಡಿದು ಎಳೆದರೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವುದು ಇದೇ ಅಂತ ಮಕ್ಕಳಿಗೆ ತಕ್ಷಣ ಹೊಳೆಯಿತು. ನಮ್ಮ ಹಿಮ್ಮಡಿಯ ಮೇಲೆ ಕೈಗೆ ಸಿಗುವ ಗಟ್ಟಿ ಪಟ್ಟಿಯೂ ಟೆಂಡನ್ನೇ ಅಲ್ವಾ!

ತೊಡಕಿರುವುದು ಹೃದಯ ಸ್ನಾಯುವಿನಲ್ಲಿ. ಕೈಕಾಲಿನ ಸ್ನಾಯುವಿನ ಹಾಗೆ ಅದರಲ್ಲೂ ಅಡ್ಡ ಪಟ್ಟೆಗಳಿವೆ. ಆದರೆ ಎಳೆಗಳು ಕವಲೊಡೆದಿರುತ್ತವೆ, ನಾವು ಹೇಳಿದ ಮಾತು ಕೇಳುವುದಿಲ್ಲ. ಬರೀ ಚಿತ್ರ ನೋಡಿದರೆ ಇದು ಮಕ್ಕಳ ತಲೆಗೆ ಹೋಗುತ್ತಿಲ್ಲ. ಶಾಲೆಯ ಸ್ಲೈಡ್‌ಗಳ ಬಣ್ಣ ಮಾಸಿದೆ. ಮೂರೂ ಬಗೆಯ (ಕೈಕಾಲಿನ, ಕರುಳಿನಂಥ ಒಳ ಅಂಗಗಳ, ಹೃದಯದ) ಸ್ನಾಯುವಿನ ಸ್ಲೈಡ್‌ಗಳನ್ನು ಯಾರಾದರೂ ಒಂದು ವಾರಕ್ಕೆ ಕೊಡುತ್ತೀರಾ? 400 ಪಟ್ಟು ದೊಡ್ಡದಾಗಿ ತೆಗೆದ ಫೋಟೋ ಇದ್ದರೂ ಆಯ್ತು. ಜೋಪಾನವಾಗಿ ವಾಪಸ್ ತಲುಪಿಸುತ್ತೇನೆ.