ಆಗಸ್ಟ್‌ನಲ್ಲಿ ಟೂಸಾನ್‌ಗೆ ಬರೋರಿಗೆ ಮಳೆ, ಧೂಳು, ಹಳ್ಳದ ವಿಚಾರ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಆಗಸ್ಟ್ ಮೊದಲ ವಾರ ಪುಟ್ಟನ್ನ ಯೂನಿವರ್ಸಿಟಿಗೆ ಬಿಡೋಕೆ ಬರ್ತೀರಿ, ಫೀನಿಕ್ಸ್‌ನಲ್ಲಿ ಇಳಿದು ಬಾಡಿಗೆ ಕಾರಲ್ಲಿ ಟೂಸಾನ್‌ಗೆ ಹೋಗ್ತೀರಿ, ಒಂದು ದಿನ ಟೂಸಾನ್ ಪಕ್ಕದ ಬೆಟ್ಟ ಮೌಂಟ್ ಲೆಮನ್ ನೋಡ್ಬೇಕು. ಫೋನಲ್ಲಿ ದಿನಾ ಮಳೆ 30 ಪರ್ಸೆಂಟ್ ಅಂತ ಬರ್ತಿದೆ, ಮರುಭೂಮೀಲಿ ಎಂಥಾ ಮಳೆ, ತಲೆ ಕೆಡಿಸ್ಕೋಬೇಕಾ ಅಂತ ಕೇಳಿದೀರಿ. ಸ್ವಲ್ಪ ಕೆಡಿಸ್ಕೊಳ್ಳಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ.

ಟೂಸಾನ್ ಇರೋ ಅಮೆರಿಕದ ಅರಿಜೋನಾ ರಾಜ್ಯದಲ್ಲೂ ಮಾನ್ಸೂನ್ ಅಂತಲೇ ಕರೀತಾರೆ, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಟೂಸಾನ್‌ಗೆ ವರ್ಷಕ್ಕೆ ಬೀಳೋದೇ ಸುಮಾರು 270 ಮಿಲಿಮೀಟರ್, ಅದರಲ್ಲಿ ಅರ್ಧಕ್ಕೂ ಜಾಸ್ತಿ ಈ ಮೂರೂವರೆ ತಿಂಗಳಲ್ಲಿ. ಆದ್ರೆ ಮಲೆನಾಡಿನ ಜಡಿಮಳೆ ತರ ಅಂದ್ಕೋಬೇಡಿ. ಬೆಂಗಳೂರಲ್ಲಿ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಬೆಂದು, ಸಾಯಂಕಾಲ ಗುಡುಗಿ, ಜಯನಗರ ನೆನೆದು ಮಲ್ಲೇಶ್ವರ ಒಣಗಿರುತ್ತಲ್ಲ, ಆ ಜಾತಿ ಮಳೆ. 30 ಪರ್ಸೆಂಟ್ ಅನ್ನೋದು ನೀವಿರೋ ಜಾಗಕ್ಕೆ ಬೀಳೋ ಸಾಧ್ಯತೆ. ಸುತ್ತಲಿನ ಬೆಟ್ಟಗಳಲ್ಲಿ ಎಲ್ಲೋ ಒಂದು ಕಡೆ ಬೀಳೋದು ಅಂಥ ದಿನ ಹೆಚ್ಚುಕಮ್ಮಿ ಖಚಿತ.

ಹಾಗಾಗಿ ಆ ಪರ್ಸೆಂಟ್ ಬಿಡಿ, ಬೆಳಿಗ್ಗೆ ಡ್ಯೂ ಪಾಯಿಂಟ್ ನೋಡಿ. ಅಂದ್ರೆ ಗಾಳಿ ಎಷ್ಟು ತಣ್ಣಗಾದ್ರೆ ಇಬ್ಬನಿ ಕಟ್ಟುತ್ತೋ ಆ ಉಷ್ಣಾಂಶ, ಅದು ಗಾಳೀಲಿ ನಿಜವಾಗಿ ಎಷ್ಟು ನೀರಿದೆ ಅಂತ ಹೇಳುತ್ತೆ. ಮೊದಲು ಟೂಸಾನ್‌ನಲ್ಲಿ ಸತತ ಮೂರು ದಿನ ಡ್ಯೂ ಪಾಯಿಂಟ್ ಸರಾಸರಿ 54 ಫ್ಯಾರನ್‌ಹೀಟ್ ದಾಟಿದ್ರೇನೇ ಮಾನ್ಸೂನ್ ಶುರು ಅಂತ ಲೆಕ್ಕ ಇತ್ತು. 2008ರಲ್ಲಿ ತಾರೀಖು ಗಟ್ಟಿ ಮಾಡಿದ್ರು. ನನಗೆ ಕೇಳಿದ್ರೆ ಹಳೇ ಲೆಕ್ಕಾನೇ ಉಪಯೋಗಕ್ಕೆ ಬರೋದು. 50ರ ಕೆಳಗಿದ್ರೆ ಆ ದಿನ ಸುಮ್ನೆ ಬಿಸಿಲು. 55 ದಾಟಿದ್ರೆ ಬೆಟ್ಟದ ಮೇಲೆ ಗುಡುಗು. 60 ದಾಟಿ 65ರ ಹತ್ರ ಹೋದ್ರೆ ಊರೊಳಗೂ ಸುರಿಯೋ ಮಳೆ. ನೀರಿನಂಶ ಮುಖ್ಯವಾಗಿ ಕ್ಯಾಲಿಫೋರ್ನಿಯಾ ಕೊಲ್ಲಿ, ಪೆಸಿಫಿಕ್ ಕಡೆಯಿಂದ ಕೆಳಗೇ ಹರಿದು ಬರುತ್ತೆ, ಮೇಲ್ಗಾಳೀಲಿ ಮೆಕ್ಸಿಕೋ ಕೊಲ್ಲಿ ಕಡೆಯದೂ ಸೇರುತ್ತೆ. ನಾಲ್ಕು ದಿನ ಬಂದು ವಾರ ಬಿಡುವು ಕೊಡೋದೂ ಉಂಟು. ಒಂದು ವರ್ಷ ಕಂಡಂಗೆ ಇನ್ನೊಂದು ವರ್ಷ ಇರಲ್ಲ: 2021ರ ಜುಲೈ ಒಂದೇ ತಿಂಗಳಲ್ಲಿ ಟೂಸಾನ್‌ಗೆ 8 ಇಂಚು ಬಿತ್ತು, 2023ರಲ್ಲಿ ಫೀನಿಕ್ಸ್‌ಗೆ ಇಡೀ ಸೀಸನ್ ಸೇರಿ ಕಾಲು ಇಂಚೂ ಬೀಳಲಿಲ್ಲ.

ಈಗ ಬೆಟ್ಟದ ದಿನ. ಮೌಂಟ್ ಲೆಮನ್ 9,157 ಅಡಿ, ಊರು ಸುಮಾರು 2,400. ಬಿಸಿಲಿಗೆ ಬಂಡೆ ಕಾದು ಗಾಳಿ ಇಳಿಜಾರು ಹತ್ತುತ್ತೆ. ಹತ್ತು-ಹನ್ನೊಂದು ಗಂಟೆಗೆ ಶಿಖರದ ಮೇಲೆ ಬಿಳಿ ಮೋಡ ಏಳುತ್ತೆ, ಹನ್ನೆರಡು-ಒಂದಕ್ಕೆ ಅದರ ತಳ ಕಪ್ಪಾಗುತ್ತೆ, ಆಮೇಲೆ ಸಿಡಿಲು. ಊರಿಗೆ ಇಳಿಯೋದು ಮೂರು-ನಾಲ್ಕರ ಮೇಲೆ. ಅದಕ್ಕೆ ಬೆಳಿಗ್ಗೆ ಆರಕ್ಕೆಲ್ಲ ಊರು ಬಿಡಿ, ಪೆಟ್ರೋಲು, ನೀರು ಕೆಳಗೇ ತುಂಬಿಸ್ಕೊಳ್ಳಿ, ಹನ್ನೊಂದೂವರೆಗೆ ಇಳಿಯೋಕೆ ಶುರು ಮಾಡಿ. ಕೆಳಗೆ 38 ಡಿಗ್ರಿ ಸೆಲ್ಸಿಯಸ್ ಇದ್ರೆ ಮೇಲೆ 24ರ ಹತ್ರ ಇರುತ್ತೆ, ಮಳೆ ಹಿಡಿದ್ರೆ ನಡುಗಿಸುತ್ತೆ, ಅತ್ತೆಗೆ ಒಂದು ಸ್ವೆಟರ್ ಇಟ್ಕೊಳ್ಳಿ. ಗುಡುಗು ಕಿವಿಗೆ ಬಿತ್ತು ಅಂದ್ರೆ ಸಿಡಿಲು ನಿಮ್ಮ ಮೇಲೂ ಬೀಳಬಹುದಾದಷ್ಟು ಹತ್ರ ಇದೆ ಅಂತ ಅರ್ಥ. ಬೆಟ್ಟದ ದಾರೀಲಿ ಸಿಗೋ ವಿಂಡಿ ಪಾಯಿಂಟ್ ಬಂಡೆ ಮೇಲೆ ಫೋಟೋ ತೆಗೀತಾ ನಿಲ್ಲಬೇಡಿ, ಪೈನ್ ಮರದ ಬುಡಕ್ಕೂ ಓಡಬೇಡಿ. ಕಾರಲ್ಲಿ ಕೂತು ಕಿಟಕಿ ಏರಿಸಿ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಇಳೀಬೇಡಿ.

ಸಿಡಿಲಿಗಿಂತ ಜನ ಹಗುರ ಮಾಡೋದು ಹಳ್ಳಾನ. ಅಲ್ಲಿ ವಾಶ್ ಅಂತಾರೆ, ವರ್ಷದಲ್ಲಿ ಬಹುಪಾಲು ಬರೀ ಮರಳು. ಬೆಟ್ಟದ ಮೇಲೆ ಬಂಡೆ, ಕೆಳಗೆ ಸುಣ್ಣ ಸೇರಿ ಗಾರೆ ತರ ಗಟ್ಟಿಯಾದ ಪದರ, ನೀರು ಇಂಗೋಕೆ ಜಾಗಾನೇ ಇಲ್ಲ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇದ್ದಾಗಲೂ ಮೈಲಿಗಟ್ಟಲೆ ಮೇಲೆ ಬಿದ್ದ ಮಳೆ ಗೋಡೆ ಥರ ಬರಬಹುದು. 1997ರ ಆಗಸ್ಟ್ 12ರಂದು ರಾಜ್ಯದ ಉತ್ತರದ ಆಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಜನ ಸತ್ತಿದ್ದು ಹೀಗೇ, ಮಳೆ ಬಿದ್ದಿದ್ದು ಇನ್ನೆಲ್ಲೋ ಮೇಲೆ. ಟೂಸಾನ್ ಅಂಚಿನ ಕಣಿವೆ ಸಬೀನೋ ಕ್ಯಾನಿಯನ್‌ಗೂ ಬೆಳಿಗ್ಗೆನೇ ಹೋಗಿ, ಅಲ್ಲಿನ ಸೇತುವೆಗಳು ತಗ್ಗು, ತೊರೆ ಏರಿದ್ರೆ ಮುಳುಗ್ತವೆ. ನೀರಿನ ಬಣ್ಣ ಕೆಂಪಗಾದ್ರೆ, ಕಡ್ಡಿ ಕಸ ತೇಲಿ ಬಂದ್ರೆ, ಬಂದ ದಾರೀಲೇ ಓಡಬೇಡಿ, ಪಕ್ಕದ ದಿಣ್ಣೆ ಹತ್ತಿ.

ಕಾರಿಗೂ ಅದೇ. ಊರೊಳಗೇ ರಸ್ತೆ ಹಳ್ಳಕ್ಕೆ ಇಳಿದು ಹತ್ತೋ ಜಾಗ ಬೇಕಾದಷ್ಟಿದೆ. ಒಂದಡಿ ರಭಸದ ನೀರು ಸಣ್ಣ ಕಾರನ್ನ ಎತ್ತಿ ಒಯ್ಯುತ್ತೆ, ಎರಡಡಿಗೆ ದೊಡ್ಡ ಗಾಡೀನೂ ನಿಲ್ಲಲ್ಲ. ಕೆಳಗೆ ರಸ್ತೆ ಕೊಚ್ಚಿಹೋಗಿದ್ರೆ ಮೇಲಿಂದ ಕಾಣಲ್ಲ. ರಸ್ತೆ ಮುಚ್ಚೋಕೆ ಇಟ್ಟ ತಡೆ ಸುತ್ತಿ ಹೋಗಿ ಸಿಕ್ಕಿಹಾಕ್ಕೊಂಡ್ರೆ ಹೊರಗೆ ತೆಗೆದ ಖರ್ಚನ್ನ ನಿಮ್ಮಿಂದಲೇ ವಸೂಲಿ ಮಾಡೋ ಕಾನೂನು 1995ರಿಂದ ಇದೆ, 2,000 ಡಾಲರ್‌ವರೆಗೆ. ಅಣ್ಣಂಗೆ ಇದನ್ನ ಸ್ವಲ್ಪ ಜೋರಾಗೇ ಹೇಳಿ. ಒಂದೆರಡು ಗಂಟೆ ಕಾದ್ರೆ ಸಾಮಾನ್ಯವಾಗಿ ನೀರು ತಾನೇ ಇಳಿಯುತ್ತೆ.

ಫೀನಿಕ್ಸ್‌ನಿಂದ ಬರೋ ಹೈವೇ, ಐ-10, ಅಲ್ಲಿ ಧೂಳಿನ ಕಾಟ. ಮೋಡದ ತಳ ಎತ್ತರ, ಕೆಳಗಿನ ಗಾಳಿ ಒಣ, ಹಾಗಾಗಿ ಮಳೆಹನಿ ದಾರೀಲೇ ಆವಿಯಾಗುತ್ತೆ. ಆಗ ಗಾಳಿ ತಣ್ಣಗಾಗಿ ಭಾರವಾಗಿ ಧೊಪ್ಪಂತ ಕೆಳಗೆ ಬಿದ್ದು ನಾಲ್ಕೂ ಕಡೆ ನುಗ್ಗುತ್ತೆ. ಬೀಳು ಬಿಟ್ಟ ಹೊಲಗಳ ಮೇಲೆ ಹಾದ್ರೆ ಧೂಳಿನ ಗೋಡೆ ಏಳುತ್ತೆ. 2011ರ ಜುಲೈ 5ರಂದು ಫೀನಿಕ್ಸ್‌ಗೆ ಬಂದಿದ್ದು ಸುಮಾರು ಒಂದು ಮೈಲಿ ಎತ್ತರ ಇತ್ತು. ಆ ಹೈವೇಲಿ ಬರೋ ಪಿಕಾಚೋ ಊರಿನ ಸುತ್ತಮುತ್ತ ಜಾಸ್ತಿ. ಸಿಕ್ಕಿಬಿದ್ರೆ ರಸ್ತೆಯಿಂದ ಆದಷ್ಟು ದೂರ ಬಲಕ್ಕೆ ಇಳಿಸಿ ನಿಲ್ಲಿಸಿ, ಹೆಡ್‌ಲೈಟು, ಇಂಡಿಕೇಟರ್ ಎಲ್ಲಾ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲ್ ಮೇಲಿಂದ ಕಾಲು ತೆಗೀರಿ, ಬೆಲ್ಟ್ ಬಿಚ್ಚಬೇಡಿ. ಲೈಟು ಯಾಕೆ ಆರಿಸೋದು ಅಂದ್ರೆ, ಹಿಂದಿನೋರು ನಿಮ್ಮ ಕೆಂಪು ದೀಪ ನೋಡಿ ರಸ್ತೆ ಅಲ್ಲೇ ಇದೆ ಅಂತ ಅದನ್ನೇ ಹಿಂಬಾಲಿಸಿ ಬಂದು ಗುದ್ದುತಾರೆ. ನಿಮ್ಮ ವಿಮಾನ ಸಾಯಂಕಾಲ ಇಳಿಯೋದಾದ್ರೆ ಆ ರಾತ್ರಿ ಫೀನಿಕ್ಸ್‌ನಲ್ಲೇ ಉಳಿದು ಬೆಳಿಗ್ಗೆ ಹೊರಡೋದು ವಾಸಿ, ಎರಡು ಗಂಟೆ ದಾರಿ ಅಷ್ಟೇ.

ಇನ್ನೊಂದು, ಪುಟ್ಟನ ರೂಮಿನದು. ಟೂಸಾನ್‌ನ ಹಳೇ ಮನೆಗಳಲ್ಲಿ ಎಸಿ ಬದಲು ಸ್ವಾಂಪ್ ಕೂಲರ್ ಇರುತ್ತೆ, ನಮ್ಮ ಡೆಸರ್ಟ್ ಕೂಲರ್‌ನದೇ ದೊಡ್ಡಣ್ಣ. ಮೇ-ಜೂನ್‌ನ ಒಣ ಸೆಕೆಗೆ ಚೆನ್ನಾಗಿದೆ. ಡ್ಯೂ ಪಾಯಿಂಟ್ 55-60 ದಾಟಿದ್ಮೇಲೆ ಪ್ಯಾಡ್‌ನಿಂದ ನೀರು ಸರಿಯಾಗಿ ಆವಿಯಾಗಲ್ಲ, ಮನೆಯೊಳಗೆ ಜಿಗುಟು ಗಾಳಿ ಸುತ್ತುತ್ತೆ, ಬಾಡಿಗೆ ಮಾತ್ರ ಅಷ್ಟೇ. ಅದು ಜುಲೈ, ಆಗಸ್ಟ್ ಎರಡೂ ತಿಂಗಳ ಪಾಡು. ಅಗ್ರಿಮೆಂಟ್‌ಗೆ ಸೈನ್ ಹಾಕೋ ಮುಂಚೆ ಎಸಿ ಇದೆಯಾ, ಹತ್ತಿರದಲ್ಲಿ ವಾಶ್ ಇದೆಯಾ, ಎರಡನ್ನೂ ಓನರ್ ಹತ್ರ ಬರಹದಲ್ಲೇ ಕೇಳಿಸಿ.