ಬಿರುಬೇಸಿಗೆಯ ತಾರಸಿಗೆ ಯಾವ ಹೂಗಿಡಗಳು ಸೂಕ್ತ?

ಪ್ರಶ್ನೆ: ನಮ್ಮ ಮನೆ ರಾಯಚೂರಿನಲ್ಲಿದ್ದು, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ನೇರವಾಗಿ ತಾರಸಿಯ ಮೇಲೆ ಬೀಳುತ್ತದೆ. ಕಳೆದ ಬೇಸಿಗೆಯಲ್ಲಿ ಗುಲಾಬಿಯ ಎಲೆಯಂಚು ಸುಟ್ಟು, ಮೊಗ್ಗುಗಳು ಅರಳುವ ಮುನ್ನವೇ ಒಣಗಿಹೋದವು. ದಿನವೂ ಪೂಜೆಗೆ ನಾಲ್ಕು ಹೂ ಸಿಗುವಂತೆ ಏನು ಬೆಳೆಸಬಹುದೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ದುಂಡುಮಲ್ಲಿಗೆ ನೆಡಿ. ಅದು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ, ಚಳಿಗಾಲದ ಕೊನೆಯಲ್ಲಿ ಸವರಿ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಮೊಗ್ಗಿಗೆ ಕೊರತೆಯಾಗದು. ಕನಕಾಂಬರವೂ ಬರುತ್ತದೆ, ಆದರೆ ಅದಕ್ಕೆ ಮಧ್ಯಾಹ್ನ ನೆರಳು ಬೇಕು.

ಉತ್ತರ 2: ನನಗೆ ಅಚ್ಚುಮೆಚ್ಚು ನಿತ್ಯಪುಷ್ಪ. ಎಂಥ ಬಿಸಿಲನ್ನೂ ತಾಳುವ ಈ ಗಿಡದ ಬೇರು ಕುಂಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಆದ್ದರಿಂದ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರುಣಿಸಿ. ಟೇಬಲ್ ರೋಸ್‌ನ ಬೆರಳುದ್ದದ ತುಂಡನ್ನು ಚುಚ್ಚಿದರೂ ಬೇರು ಬಿಡುತ್ತದೆ. ಬಿಸಿಲೇರಿದಾಗ ಅರಳುವ ಅದರ ಹೂ ಸಂಜೆಗೆ ಮುದುಡುವುದರಿಂದ ಬೆಳಗಿನ ಪೂಜೆಗೆ ಒದಗುವುದಿಲ್ಲ.

ಉತ್ತರ 3: ಕಾದ ಸಿಮೆಂಟಿನ ಮೇಲೆ ಕುಂಡವಿಟ್ಟರೆ ಬೇರು ಬೇಯುತ್ತದೆ. ಕೆಳಗೆ ಎರಡು ಇಟ್ಟಿಗೆ ಇಟ್ಟು, ಮಣ್ಣಿನ ಮೇಲೆ ತೆಂಗಿನ ನಾರು ಹರಡಿ.